ಮೋಟಾರ್ ಸೈಕಲ್ಲಿನ ಮುಂದಿನ ಫೋರ್ಕಿನ ಓರೆ ಬದಲಾವಣೆ: ವಾಹನ ಮಾಲೀಕರಿಗೆ ಮಾಹಿತಿ

ಮೋಟಾರ್ ಸೈಕಲ್ಲಿನ ಮುಂದಿನ ಫೋರ್ಕನ್ನು ಮುಂದಕ್ಕೆ ಚಾಚಿಸಿ, ಹ್ಯಾಂಡಲ್ಲನ್ನು ಎತ್ತರಿಸಿ, ವಾಹನಕ್ಕೆ ವಿದೇಶೀ ಮಾದರಿಯ ನೋಟವನ್ನು ಕೊಡುವ ಹವ್ಯಾಸವು ಹೊಸದೇನಲ್ಲ. ಎರಡನೆಯ ಮಹಾಯುದ್ಧದ ತರುವಾಯ ಅಮೇರಿಕದಲ್ಲಿ ರೂಢಿಗೆ ಬಂದ ಈ ಬಗೆಯ ವಾಹನಗಳನ್ನು ಚಾಪರ್ ಎಂದು ಕರೆಯಲಾಗುತ್ತದೆ. 1969ರಲ್ಲಿ ತೆರೆಕಂಡ ಈಸೀ ರೈಡರ್ ಚಲನಚಿತ್ರದ ಮೂಲಕ ಅವು ಜಗತ್ತಿಗೆಲ್ಲ ಪರಿಚಿತವಾದವು. ಚಲನಚಿತ್ರದಲ್ಲಿ ಕಾಣುವ ರಸ್ತೆಗಳು ಅಗಲವಾದವು, ನೇರವಾದವು. ಚಿಂಚೋಳಿ ತಾಲ್ಲೂಕಿನ ಐನಾಪುರದಿಂದ ಹೊರಡುವ ಮಾಲೀಕರ ಹಾದಿ ಅಂತಹದಲ್ಲ. ಎರೆಮಣ್ಣಿನ ಹೊಲದ ದಾರಿ, ಮಳೆಗಾಲದಲ್ಲಿ ಅಂಚು ಕುಸಿಯುವ ಡಾಂಬರು, ಸೇಡಂ ಮತ್ತು ವಾಡಿ ಕಡೆಯ ಸಿಮೆಂಟ್ ಲಾರಿಗಳು, ಶಹಾಬಾದ್ ಕಲ್ಲು ಹೇರಿದ ವಾಹನಗಳು, ಇವೆಲ್ಲದರ ನಡುವೆ ಆ ಮೋಟಾರ್ ಸೈಕಲ್ ಸಾಗಬೇಕಾಗುತ್ತದೆ. ಫೋರ್ಕಿನ ಓರೆಯನ್ನು ಬದಲಾಯಿಸಿದಾಗ ವಾಹನದಲ್ಲಿ ಏನಾಗುತ್ತದೆ, ಕಾನೂನು ಇದಕ್ಕೆ ಅವಕಾಶ ನೀಡುತ್ತದೆಯೇ, ಈಗಾಗಲೇ ಬದಲಾಯಿಸಿದ್ದಲ್ಲಿ ಅಥವಾ ಅಂತಹ ವಾಹನವನ್ನು ಕೊಳ್ಳುವುದಿದ್ದಲ್ಲಿ ಏನು ಮಾಡಬೇಕು ಎಂಬ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಓರೆ ಮತ್ತು ಟ್ರೈಲ್ ಎಂದರೇನು?

ಹ್ಯಾಂಡಲ್ ತಿರುಗುವ ಕೊಳವೆಯು ನೆಟ್ಟಗೆ ನಿಂತಿರದೆ ಸವಾರನ ಕಡೆಗೆ ವಾಲಿಕೊಂಡಿರುತ್ತದೆ. ನೇರ ಲಂಬ ರೇಖೆಯಿಂದ ಈ ವಾಲಿಕೆಯು ಎಷ್ಟು ಡಿಗ್ರಿ ಇದೆಯೋ ಅದನ್ನು ರೇಕ್, ಅಂದರೆ ಓರೆ, ಎನ್ನಲಾಗುತ್ತದೆ. ದಿನಬಳಕೆಯ ಮೋಟಾರ್ ಸೈಕಲ್ಲುಗಳಲ್ಲಿ ಇದು ಸುಮಾರು 24ರಿಂದ 28 ಡಿಗ್ರಿಯಷ್ಟಿರುತ್ತದೆ. ಕ್ರೂಸರ್ ಮಾದರಿಗಳಲ್ಲಿ 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ.

ಆ ಕೊಳವೆಯ ನಡುಗೆರೆಯನ್ನು ಕೆಳಕ್ಕೆ ಎಳೆದುಕೊಂಡು ಹೋದರೆ ಅದು ನೆಲವನ್ನು ಮುಟ್ಟುವ ಸ್ಥಳವು, ಟೈರು ನೆಲವನ್ನು ಮುಟ್ಟುವ ಸ್ಥಳಕ್ಕಿಂತ ಸ್ವಲ್ಪ ಮುಂದೆ ಇರುತ್ತದೆ. ಈ ಎರಡು ಸ್ಥಳಗಳ ನಡುವಣ ಅಂತರವೇ ಟ್ರೈಲ್. ಚಕ್ರವು ಹ್ಯಾಂಡಲ್ಲಿನ ಗೆರೆಯ ಹಿಂದೆ ಎಳೆಯಲ್ಪಡುತ್ತಾ ಬರುವುದರಿಂದ ಅದು ತಾನಾಗಿಯೇ ನೇರವಾಗಲು ಹವಣಿಸುತ್ತದೆ. ಆಸ್ಪತ್ರೆಯ ತಳ್ಳುಗಾಡಿಯ ಸಣ್ಣ ಚಕ್ರವು ತಳ್ಳಿದ ಕೂಡಲೇ ತಿರುಗಿ ಹಿಂದೆ ಸರಿದು ನೇರಗೊಳ್ಳುವುದನ್ನು ಎಲ್ಲರೂ ನೋಡಿರುತ್ತಾರೆ. ಅಲ್ಲಿ ನಡೆಯುವುದೂ ಇದೇ. ಸಾಮಾನ್ಯವಾಗಿ ಜನರ ಗಮನವೆಲ್ಲ ಓರೆಯ ಮೇಲಿರುತ್ತದೆ, ಏಕೆಂದರೆ ಕಣ್ಣಿಗೆ ಕಾಣುವುದು ಅದೇ. ಆದರೆ ವಾಹನವನ್ನು ನೇರವಾಗಿ ಹಿಡಿದಿಡುವ ಕೆಲಸದಲ್ಲಿ ಕಣ್ಣಿಗೆ ಕಾಣದ ಟ್ರೈಲಿನ ಪಾಲೇ ದೊಡ್ಡದು.

ಟ್ರೈಲನ್ನು ನಿರ್ಧರಿಸುವ ಅಂಶಗಳು ಮೂರು: ಓರೆ, ಚಕ್ರದ ತ್ರಿಜ್ಯ ಮತ್ತು ಹ್ಯಾಂಡಲ್ ಕೊಳವೆಯ ಗೆರೆಯಿಂದ ಆಕ್ಸಲ್ ಎಷ್ಟು ಮುಂದಿದೆ ಎಂಬ ಅಂತರ. ಫೋರ್ಕಿನ ಎರಡು ಕಾಲುಗಳನ್ನು ಹಿಡಿದಿಡುವ ಭಾಗವನ್ನು ಮೆಕ್ಯಾನಿಕರು 'ಟೀ' ಎನ್ನುತ್ತಾರೆ. ಕೊನೆಯ ಅಂತರವನ್ನು ಬಹುಮಟ್ಟಿಗೆ ನಿಶ್ಚಯಿಸುವುದು ಈ ಟೀ.

ಒಂದು ಉದಾಹರಣೆಯ ಲೆಕ್ಕ

ಟೈರು ಸೇರಿ ಚಕ್ರದ ತ್ರಿಜ್ಯ 300 ಮಿ.ಮೀ., ಓರೆ 26 ಡಿಗ್ರಿ, ಆಕ್ಸಲಿನ ಅಂತರ 50 ಮಿ.ಮೀ. ಇರುವ ಒಂದು ಮೋಟಾರ್ ಸೈಕಲ್ಲನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಇದರ ಟ್ರೈಲ್ ಸುಮಾರು 91 ಮಿ.ಮೀ. ಆಗುತ್ತದೆ. ತಯಾರಕರು ಈ ಅಳತೆಯನ್ನು ವಾಹನದ ತೂಕ, ವೇಗ ಹಾಗೂ ಬ್ರೇಕಿನ ಶಕ್ತಿಗೆ ಹೊಂದಿಸಿ ಇಟ್ಟಿರುತ್ತಾರೆ.

ಈಗ ವೆಲ್ಡಿಂಗ್ ಅಂಗಡಿಯಲ್ಲಿ ಚಾಸಿಯ ಕತ್ತನ್ನು ಕತ್ತರಿಸಿ ಓರೆಯನ್ನು 36 ಡಿಗ್ರಿಗೆ ಏರಿಸಿ, ಹಳೆಯ ಟೀಯನ್ನೇ ಉಳಿಸಿಕೊಂಡರೆ ಟ್ರೈಲ್ 156 ಮಿ.ಮೀ.ಗೆ ಹಿಗ್ಗುತ್ತದೆ. ನೇರ ರಸ್ತೆಯಲ್ಲಿ ವಾಹನವು ಗಟ್ಟಿಯಾಗಿ ಓಡಿದಂತೆ ತೋರುತ್ತದೆ. ಸವಾರನು ಇದನ್ನೇ ನೆಚ್ಚಿಕೊಳ್ಳುತ್ತಾನೆ. ತೊಡಕು ಕಾಣಿಸಿಕೊಳ್ಳುವುದು ನಿಧಾನಗತಿಯಲ್ಲಿ. ಹ್ಯಾಂಡಲ್ಲನ್ನು ಸ್ವಲ್ಪ ತಿರುಗಿಸಿದರೆ ಮುಂಭಾಗವು ಕೆಳಗಿಳಿದು, ಚಕ್ರವು ತಾನಾಗಿ ಆ ಕಡೆಗೆ ಬೀಳಲು ನೋಡುತ್ತದೆ. ಈ ಬೀಳುವ ಪ್ರವೃತ್ತಿಗೂ ಒಂದು ಅಳತೆಯಿದೆ. ಮೇಲಿನ ಉದಾಹರಣೆಯಲ್ಲಿ ಅದು 36 ಮಿ.ಮೀ.ನಿಂದ 74 ಮಿ.ಮೀ.ಗೆ, ಅಂದರೆ ಎರಡು ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಸಂತೆಯ ದಿನ ಜನರ ನಡುವೆ ವಾಹನವನ್ನು ತಿರುಗಿಸುವಾಗ, ಹಿಂದೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊಲದ ದಾರಿಯಲ್ಲಿ ಹೊರಳುವಾಗ, ಸವಾರನ ತೋಳು ಈ ಭಾರವನ್ನು ಹೊರಬೇಕಾಗುತ್ತದೆ.

ಚಾಸಿಯನ್ನು ಮುಟ್ಟದೆ 5 ಡಿಗ್ರಿ ಓರೆಯಿರುವ ಟೀಯನ್ನು ಮಾತ್ರ ಹಾಕಿಸುವುದು ಇನ್ನೊಂದು ವಿಧಾನ. ಇದು ಅಗ್ಗ, ಅರ್ಧ ದಿನದ ಕೆಲಸ, ನೋಟವೂ ಹೆಚ್ಚು ಕಡಿಮೆ ಅದೇ. ಪರಿಣಾಮ ಮಾತ್ರ ತದ್ವಿರುದ್ಧ. ಫೋರ್ಕಿನ ಉದ್ದ 700 ಮಿ.ಮೀ. ಇದ್ದಲ್ಲಿ ಆಕ್ಸಲ್ ಸುಮಾರು 60 ಮಿ.ಮೀ. ಮುಂದಕ್ಕೆ ಸರಿಯುತ್ತದೆ ಮತ್ತು ಟ್ರೈಲ್ 91ರಿಂದ 23 ಮಿ.ಮೀ.ಗೆ ಕುಸಿಯುತ್ತದೆ. ಮುಂಭಾಗ ತಗ್ಗುವುದರಿಂದ ವಾಸ್ತವದಲ್ಲಿ ಇನ್ನೂ ಕಡಿಮೆಯಾಗುತ್ತದೆ. ಇಂತಹ ವಾಹನದ ಹ್ಯಾಂಡಲ್ ಅಂಗಡಿಯ ಮುಂದೆ ಬಹಳ ಹಗುರವಾಗಿ ತಿರುಗುತ್ತದೆ. ವೇಗ ಹೆಚ್ಚಿದಾಗ, ಎದುರಿನಿಂದ ಲಾರಿಯೊಂದು ಹಾದು ಗಾಳಿ ತಳ್ಳಿದಾಗ ಅಥವಾ ಗುಂಡಿಯ ಅಂಚು ತಾಗಿದಾಗ, ಚಕ್ರವನ್ನು ನೇರಕ್ಕೆ ತರುವ ಬಲವೇ ಉಳಿದಿರುವುದಿಲ್ಲ. ಹ್ಯಾಂಡಲ್ ಎಡಬಲಕ್ಕೆ ಹೊಡೆದಾಡತೊಡಗುತ್ತದೆ. ಎರಡು ವಿಧಾನಗಳಲ್ಲಿ ಇದು ಹೆಚ್ಚು ಅಪಾಯಕರವಾದುದು. ಸುಲಭವೆಂಬ ಕಾರಣಕ್ಕೆ ಇದನ್ನೇ ಆರಿಸಿಕೊಳ್ಳುವುದು ಸಲ್ಲದು.

ಉದ್ದನೆಯ ಫೋರ್ಕನ್ನಷ್ಟೇ ಹಾಕಿಸಿದರೂ ಓರೆ ಬದಲಾಗದೆ ಇರುವುದಿಲ್ಲ. ಫೋರ್ಕು 100 ಮಿ.ಮೀ. ಉದ್ದವಾದರೆ ಮುಂಭಾಗ ಸುಮಾರು 90 ಮಿ.ಮೀ. ಏರಿ, ಇಡೀ ವಾಹನವೇ ಹಿಂದಕ್ಕೆ ವಾಲಿ, ಓರೆಯು 4 ಡಿಗ್ರಿಯಷ್ಟು ಹೆಚ್ಚುತ್ತದೆ.

ಎರಡನ್ನೂ ಅಳೆದು ಹೊಂದಿಸಿದರೆ ಆಗದೇ ಎಂಬ ಪ್ರಶ್ನೆ ಸಹಜವಾದುದೇ. ಲೆಕ್ಕದ ಮಟ್ಟಿಗೆ ಆಗುತ್ತದೆ. ಕತ್ತಿನ ಓರೆಯನ್ನು 32 ಡಿಗ್ರಿಗೆ ತಂದು, 3 ಡಿಗ್ರಿಯ ಟೀ ಹಾಗೂ 800 ಮಿ.ಮೀ. ಫೋರ್ಕನ್ನು ಜೋಡಿಸಿದರೆ ಟ್ರೈಲ್ 79 ಮಿ.ಮೀ.ನಷ್ಟಾಗಿ, ಚಕ್ರದ ಬೀಳುವ ಪ್ರವೃತ್ತಿಯೂ ಮೂಲ ವಾಹನದಷ್ಟೇ ಇರುತ್ತದೆ. ಪರಿಣತ ಚಾಪರ್ ತಯಾರಕರು ಮಾಡುವುದು ಇದನ್ನೇ, ಅಂದರೆ ಓರೆಯನ್ನು ಹೆಚ್ಚಿಸಿ ಟ್ರೈಲನ್ನು ಕಾಯ್ದುಕೊಳ್ಳುವುದು. ಆದರೆ ಅವರು ಫೋರ್ಕು, ಬ್ರೇಕು, ಚಾಸಿ ಎಲ್ಲವನ್ನೂ ಹೊಸ ಅಳತೆಗೆ ತಕ್ಕಂತೆ ಮಾಡಿರುತ್ತಾರೆ. ದಿನಬಳಕೆಯ ವಾಹನದಲ್ಲಿ ವೀಲ್ ಬೇಸ್, ಅಂದರೆ ಎರಡು ಆಕ್ಸಲುಗಳ ನಡುವಣ ಅಂತರ, ಈ ಜೋಡಣೆಯಿಂದ ಸುಮಾರು 150 ಮಿ.ಮೀ. ಹಿಗ್ಗುತ್ತದೆ. ಹೆಚ್ಚು ಮಲಗಿದ ಫೋರ್ಕಿನ ಕೊಳವೆಗಳು ಗುಂಡಿಯ ಹೊಡೆತಕ್ಕೆ ಒಳಸರಿಯುವ ಬದಲು ಬಾಗಲು ನೋಡುತ್ತವೆ. ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗುವುದರಿಂದ ಒದ್ದೆ ರಸ್ತೆಯಲ್ಲಿ ಮುಂದಿನ ಬ್ರೇಕ್ ಹಿಡಿದರೆ ಟೈರು ಬೇಗ ಜಾರುತ್ತದೆ. ಬ್ರೇಕಿನ ಕೇಬಲ್ ಸಾಲದಾಗುತ್ತದೆ, ಹೆಡ್‌ಲೈಟ್ ರಸ್ತೆಯನ್ನು ಬಿಟ್ಟು ಮರಗಳನ್ನು ಬೆಳಗುತ್ತದೆ.

ಇವೆಲ್ಲಕ್ಕಿಂತ ಗಂಭೀರವಾದುದು ಕತ್ತಿನ ವೆಲ್ಡಿಂಗ್. ಮೋಟಾರ್ ಸೈಕಲ್ಲಿನ ಚಾಸಿಯಲ್ಲಿ ಅತಿ ಹೆಚ್ಚು ಹೊಡೆತವನ್ನು ತಡೆದುಕೊಳ್ಳುವ ಜಾಗ ಅದು. ಸರಿಯಾದ ಜಿಗ್ ಇಲ್ಲದೆ ಕಣ್ಣಂದಾಜಿನಲ್ಲಿ ಬೆಸೆದ ಕತ್ತು ಒಂದು ಡಿಗ್ರಿ ಪಕ್ಕಕ್ಕೆ ವಾಲಿದರೂ ಎರಡು ಚಕ್ರಗಳು ಒಂದೇ ಜಾಡಿನಲ್ಲಿ ಓಡುವುದಿಲ್ಲ. ಕಾದು ಆರಿದ ಲೋಹದಲ್ಲಿ ಹುಟ್ಟುವ ಬಿರುಕು ಬಣ್ಣದ ಅಡಿಯಲ್ಲಿ ಬೆಳೆಯುತ್ತದೆ. ಅದು ಬಿಟ್ಟುಕೊಂಡಾಗ ಸವಾರನ ಕೈಯಲ್ಲಿ ಉಳಿಯುವುದು ಹ್ಯಾಂಡಲ್ ಮಾತ್ರ.

ಕಾನೂನಿನ ಸ್ಥಿತಿ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರ ಪ್ರಕಾರ, ನೋಂದಣಿ ಪ್ರಮಾಣ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕನೂ ತನ್ನ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ವಾಹನದ ಮೂಲ ಲಕ್ಷಣವನ್ನೇ ಬದಲಾಯಿಸುವಂತಹ ರಚನಾತ್ಮಕ ಬದಲಾವಣೆಯನ್ನು ಮಾರ್ಪಾಡು ಎಂದು ಅದೇ ಪ್ರಕರಣದ ವಿವರಣೆಯಲ್ಲಿ ಹೇಳಲಾಗಿದೆ. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ, ತಯಾರಕರ ಮೂಲ ನಿರ್ದಿಷ್ಟತೆಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸ್ಪಷ್ಟಪಡಿಸಿದೆ.

ನೋಂದಣಿ ಪತ್ರದಲ್ಲಿ ಓರೆಯ ಡಿಗ್ರಿಯನ್ನು ಬರೆದಿರುವುದಿಲ್ಲ, ಆದುದರಿಂದ ಅದನ್ನು ಬದಲಾಯಿಸಿದರೆ ಯಾರಿಗೆ ತಿಳಿಯುತ್ತದೆ ಎಂಬ ವಾದ ಕೆಲವೊಮ್ಮೆ ಕೇಳಿಬರುತ್ತದೆ. ಇದು ಸರಿಯಲ್ಲ. ನೋಂದಣಿ ವಿವರಗಳಲ್ಲಿ ವೀಲ್ ಬೇಸ್ ಒಂದು. ಓರೆ ಬದಲಾದರೆ ವೀಲ್ ಬೇಸ್ ಬದಲಾಗುತ್ತದೆ. ಮೇಲೆ ಹೇಳಿದ 36 ಡಿಗ್ರಿಯ ಉದಾಹರಣೆಯಲ್ಲಿ ಸುಮಾರು 100 ಮಿ.ಮೀ. ವ್ಯತ್ಯಾಸ ಬರುತ್ತದೆ. ಮೋಟಾರು ವಾಹನ ನಿರೀಕ್ಷಕರಿಗೆ ಇದನ್ನು ಕಂಡುಹಿಡಿಯಲು ಒಂದು ಅಳತೆಪಟ್ಟಿ ಸಾಕು. ಇನ್ನೂ ಒಂದು ವಿಷಯವನ್ನು ಮಾಲೀಕರು ಮರೆಯುತ್ತಾರೆ. ಬಹುತೇಕ ಮೋಟಾರ್ ಸೈಕಲ್ಲುಗಳಲ್ಲಿ ಚಾಸಿ ಸಂಖ್ಯೆಯನ್ನು ಒತ್ತಿರುವುದು ಇದೇ ಕತ್ತಿನ ಕೊಳವೆಯ ಮೇಲೆ. ಆ ಜಾಗವನ್ನು ಕತ್ತರಿಸಿ, ಉಜ್ಜಿ, ಬೆಸೆದಾಗ ಸಂಖ್ಯೆಯು ಅಳಿಸಿದರೆ ಅಥವಾ ಅದರ ಸುತ್ತ ಬೆಸುಗೆಯ ಗುರುತು ಕಂಡರೆ, ವಾಹನವು ಕಳವಿನದಿರಬಹುದೆಂಬ ಸಂಶಯಕ್ಕೆ ಎಡೆಯಾಗುತ್ತದೆ. ಸ್ವಂತ ದುಡಿಮೆಯಿಂದ ಕೊಂಡ ವಾಹನವು ತನ್ನದೇ ಎಂದು ಸಾಬೀತುಪಡಿಸಲು ಮಾಲೀಕನೇ ಅಲೆಯಬೇಕಾದ ಪರಿಸ್ಥಿತಿ ಬರುತ್ತದೆ.

2019ರ ತಿದ್ದುಪಡಿಯ ಮೂಲಕ ಸೇರಿಸಲಾದ ಪ್ರಕರಣ 182-ಎ (4)ರಂತೆ, ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವ ಮಾಲೀಕನಿಗೆ ಆರು ತಿಂಗಳವರೆಗಿನ ಕಾರಾವಾಸ, ಅಥವಾ ಪ್ರತಿಯೊಂದು ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಪ್ರತಿಯೊಂದು ಮಾರ್ಪಾಡಿಗೆ ಎಂಬ ಮಾತನ್ನು ಗಮನಿಸಬೇಕು. ಫೋರ್ಕು ಒಂದು, ಸೈಲೆನ್ಸರ್ ಇನ್ನೊಂದು. ವಾಹನವು ಸಾರ್ವಜನಿಕರಿಗೆ ಅಪಾಯಕರವೆಂದು ಕಂಡುಬಂದಲ್ಲಿ ಪ್ರಕರಣ 53ರಡಿ ನೋಂದಣಿಯನ್ನು ಅಮಾನತುಗೊಳಿಸಲು ನೋಂದಣಿ ಪ್ರಾಧಿಕಾರಕ್ಕೆ ಅಧಿಕಾರವಿದೆ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಡು, ಅಪಘಾತವಾದಾಗ ಸ್ವಂತ ವಾಹನದ ಹಾನಿಯ ಪರಿಹಾರ ತಿರಸ್ಕೃತವಾಗಲು ಕಾರಣವಾಗಬಹುದು.

ಅಂಗವೈಕಲ್ಯವುಳ್ಳವರ ಬಳಕೆಗಾಗಿ ವಾಹನವನ್ನು ಹೊಂದಿಸಿಕೊಳ್ಳುವುದಕ್ಕೆ ಅಧಿನಿಯಮದಲ್ಲಿ ಪ್ರತ್ಯೇಕ ಅವಕಾಶವಿದ್ದು, ನೋಂದಣಿ ಪ್ರಾಧಿಕಾರದ ಅನುಮೋದನೆ ಪಡೆದು ಅದನ್ನು ಮಾಡಿಸಿಕೊಳ್ಳಬಹುದಾಗಿದೆ. ನೋಟಕ್ಕಾಗಿ ಫೋರ್ಕನ್ನು ಚಾಚಿಸುವುದು ಈ ಅವಕಾಶದಡಿ ಬರುವುದಿಲ್ಲ.

ಅರಿವಿಲ್ಲದೆ ಬದಲಾಗುವ ಓರೆ

ಫೋರ್ಕನ್ನು ಬೇಕೆಂದೇ ಚಾಚಿಸದ ಮಾಲೀಕರೂ ಇದನ್ನು ಓದಬೇಕು. ಹಿಂದಿನ ಶಾಕಪ್ಪಿಗೆ ತುಂಡು ಕಬ್ಬಿಣ ಜೋಡಿಸಿ ವಾಹನದ ಹಿಂಭಾಗವನ್ನು 50 ಮಿ.ಮೀ. ಎತ್ತಿಸಿದರೆ ಮುಂದಿನ ಓರೆಯು ಎರಡು ಡಿಗ್ರಿಗಿಂತ ಹೆಚ್ಚು ಕಡಿಮೆಯಾಗಿ, ಟ್ರೈಲ್ 91ರಿಂದ 77 ಮಿ.ಮೀ.ಗೆ ಇಳಿಯುತ್ತದೆ. ಹಿಂದಿನ ಸೀಟಿನಲ್ಲಿ ತೊಗರಿಯ ಚೀಲ ಹೇರಿದಾಗ ಇದಕ್ಕೆ ವಿರುದ್ಧವಾಗಿ ಹಿಂಭಾಗ ತಗ್ಗಿ, ಮುಂದಿನ ಚಕ್ರ ಹಗುರವಾಗುತ್ತದೆ. ಶಾಕಪ್ಪಿನ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ತಿರುಗಿಸುವ ಬಳೆಯಿರುವುದು ಇದಕ್ಕಾಗಿಯೇ. ಭಾರ ಹೇರುವಾಗ ಅದನ್ನು ಬಿಗಿಗೊಳಿಸಿ, ಒಬ್ಬರೇ ಹೋಗುವಾಗ ಸಡಿಲಿಸಬೇಕು. ವಾಹನ ಕೊಂಡ ದಿನದಿಂದ ಅದನ್ನು ಒಮ್ಮೆಯೂ ಮುಟ್ಟದವರೇ ಹೆಚ್ಚು.

ಗುಂಡಿಗೆ ಬಿದ್ದು ಅಥವಾ ಎತ್ತಿನ ಗಾಡಿಗೆ ತಾಗಿ ಹಿಂದಕ್ಕೆ ಬಾಗಿದ ಫೋರ್ಕನ್ನು ಲೇತ್ ಅಂಗಡಿಯಲ್ಲಿ ಒತ್ತಿ ನೇರ ಮಾಡಿಸುವುದು ಗ್ರಾಮಾಂತರದಲ್ಲಿ ರೂಢಿ. ಹೊಸ ಕೊಳವೆಗೆ ಹೋಲಿಸಿದರೆ ಖರ್ಚು ಕಡಿಮೆ ಎಂಬುದು ನಿಜ. ಆದರೆ ಒಮ್ಮೆ ಬಾಗಿದ ಕೊಳವೆಯು ನೇರವಾಗಿ ಕಂಡರೂ ಮೊದಲಿನ ಗಟ್ಟಿತನವನ್ನು ಹೊಂದಿರುವುದಿಲ್ಲ. ತಯಾರಕರ ಅದೇ ಮಾದರಿಯ ಹೊಸ ಕೊಳವೆ ಅಥವಾ ಟೀಯನ್ನು ಹಾಕಿಸುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ಅದಕ್ಕೆ ಅನುಮತಿಯ ಅಗತ್ಯವಿಲ್ಲ.

ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ಸಮತಟ್ಟಾದ ನೆಲದ ಮೇಲೆ ವಾಹನವನ್ನು ನೇರವಾಗಿ ನಿಲ್ಲಿಸಿ, ಹ್ಯಾಂಡಲ್ಲನ್ನು ನೆಟ್ಟಗೆ ಹಿಡಿದು, ಮುಂದಿನ ಆಕ್ಸಲಿನ ನಡುವಿನಿಂದ ಹಿಂದಿನ ಆಕ್ಸಲಿನ ನಡುವಿನವರೆಗೆ ಎಡಭಾಗದಲ್ಲೊಮ್ಮೆ ಬಲಭಾಗದಲ್ಲೊಮ್ಮೆ ಅಳೆಯಬೇಕು. ಎರಡೂ ಅಳತೆಗಳು ಒಂದೇ ಆಗಿದ್ದು, ನೋಂದಣಿ ವಿವರದಲ್ಲಿರುವ ವೀಲ್ ಬೇಸಿಗೆ ಹತ್ತಿರವಿರಬೇಕು. ಚೈನನ್ನು ಬಿಗಿಗೊಳಿಸಿದಾಗ ಹಿಂದಿನ ಚಕ್ರ ಸ್ವಲ್ಪ ಸರಿಯುವುದರಿಂದ ಕೆಲವು ಮಿಲಿಮೀಟರ್ ವ್ಯತ್ಯಾಸ ಬರುವುದು ಸಹಜ. ಎಡಬಲಗಳಲ್ಲಿ ಸ್ಪಷ್ಟ ವ್ಯತ್ಯಾಸವಿದ್ದಲ್ಲಿ ಫೋರ್ಕು ಬಾಗಿರಬಹುದು ಅಥವಾ ಹಿಂದಿನ ಚಕ್ರವನ್ನು ಸೊಟ್ಟಗೆ ಕೂರಿಸಿರಬಹುದು. ಬಳಿಕ ಸೆಂಟರ್ ಸ್ಟ್ಯಾಂಡಿನ ಮೇಲೆ ಮುಂದಿನ ಚಕ್ರವನ್ನು ಎತ್ತಿ, ಫೋರ್ಕಿನ ಕೆಳತುದಿಯನ್ನು ಹಿಡಿದು ಹಿಂದೆ ಮುಂದೆ ಅಲುಗಿಸಬೇಕು. ಟಕ್ ಟಕ್ ಎಂದು ಆಡಿದರೆ ಹ್ಯಾಂಡಲ್ ಕೋನ್ ಸೆಟ್ ಸವೆದಿದೆ ಎಂದರ್ಥ. ವೇಗದಲ್ಲಿ ಹ್ಯಾಂಡಲ್ ನಡುಗುತ್ತದೆ ಎಂಬ ದೂರಿಗೆ ಓರೆಯನ್ನು ದೂಷಿಸುವ ಮುನ್ನ ಕೋನ್ ಸೆಟ್, ಟೈರಿನ ಗಾಳಿ ಮತ್ತು ಫೋರ್ಕಿನ ಆಯಿಲ್ ಇವುಗಳನ್ನು ನೋಡಿಸುವುದು ಉಚಿತ.

ಉದ್ದನೆಯ ನಿಲುವಿನ ವಾಹನವೇ ಬೇಕೆನ್ನುವವರಿಗೆ, ತಯಾರಕರೇ ಹೆಚ್ಚಿನ ಓರೆಯಲ್ಲಿ ರೂಪಿಸಿ ಅನುಮೋದನೆ ಪಡೆದಿರುವ ಕ್ರೂಸರ್ ಮಾದರಿಗಳು ಮಾರುಕಟ್ಟೆಯಲ್ಲಿ ಲಭ್ಯವಿವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ಕ್ಕೆ ಮುನ್ನ ಹೊರಬಂದ ಯೆಜ್ಡಿಯಂತಹ ಹಳೆಯ ವಾಹನಗಳನ್ನು ಇಟ್ಟುಕೊಂಡಿರುವವರು ಅವುಗಳನ್ನು ಮೂಲ ರೂಪದಲ್ಲಿಯೇ ಉಳಿಸಿಕೊಂಡರೆ ಬೆಲೆಯೂ ಉಳಿಯುತ್ತದೆ, ನೋಂದಣಿಯ ನವೀಕರಣವೂ ಸುಗಮವಾಗುತ್ತದೆ.

ಈಗಾಗಲೇ ಮಾರ್ಪಡಿಸಿದ್ದಲ್ಲಿ

ಓರೆ ಬದಲಾಯಿಸಿದ ವಾಹನಕ್ಕೆ ತರುವಾಯ ಅನುಮೋದನೆ ಕೋರಿ ಅರ್ಜಿ ಸಲ್ಲಿಸುವುದರಿಂದ ಪ್ರಯೋಜನವಿಲ್ಲ. ತಯಾರಕರ ನಿರ್ದಿಷ್ಟತೆಗೆ ಹೊರತಾದ ಬದಲಾವಣೆಯನ್ನು ನೋಂದಣಿ ಪತ್ರದಲ್ಲಿ ದಾಖಲಿಸಲು ಅವಕಾಶವಿರುವುದಿಲ್ಲ. ಟೀ ಅಥವಾ ಫೋರ್ಕನ್ನಷ್ಟೇ ಬದಲಾಯಿಸಿದ್ದರೆ ಮೂಲ ಭಾಗಗಳನ್ನು ಮರಳಿ ಹಾಕಿಸಿ, ಬಿಡಿಭಾಗದ ರಸೀದಿಯನ್ನು ಇಟ್ಟುಕೊಳ್ಳಬೇಕು. ಚಾಸಿಯ ಕತ್ತನ್ನೇ ಕತ್ತರಿಸಿದ್ದರೆ ಮತ್ತೊಮ್ಮೆ ಬೆಸೆಯಿಸುವುದು ಪರಿಹಾರವಲ್ಲ. ವಾಹನವನ್ನು ರಸ್ತೆಗೆ ತರದೆ, ತಯಾರಕರ ಅಧಿಕೃತ ಸೇವಾ ಕೇಂದ್ರದ ಸಲಹೆಯೊಂದಿಗೆ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಛೇರಿಯನ್ನು ಸಂಪರ್ಕಿಸಬೇಕು. ಚಾಸಿ ಸಂಖ್ಯೆಯನ್ನು ಯಾವ ಕಾರಣಕ್ಕೂ ಸ್ವತಃ ಅಥವಾ ಖಾಸಗಿ ಅಂಗಡಿಯಲ್ಲಿ ಮತ್ತೆ ಒತ್ತಿಸಬಾರದು.

ಹದಿನೈದು ವರ್ಷ ಪೂರೈಸಿದ ವಾಹನದ ನೋಂದಣಿಯನ್ನು ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ ನವೀಕರಿಸಿಕೊಳ್ಳುವಾಗ ವಾಹನವನ್ನು ಪರಿಶೀಲನೆಗೆ ಹಾಜರುಪಡಿಸಬೇಕಾಗುತ್ತದೆ. ಐನಾಪುರ ಭಾಗದವರು ಇದಕ್ಕಾಗಿ ಕೆ.ಎ-32 ನೋಂದಣಿಯ ಕಲಬುರಗಿ ಕಛೇರಿಯವರೆಗೆ ಬಂದು ಹೋಗುವುದು ಒಂದು ದಿನದ ಕೆಲಸ. ಮೇಲೆ ತಿಳಿಸಿದ ಅಳತೆಯನ್ನು ಊರಿನಲ್ಲಿಯೇ ನೋಡಿಕೊಂಡು ಹೊರಟರೆ ಬರಿಗೈಯಲ್ಲಿ ಹಿಂದಿರುಗುವುದು ತಪ್ಪುತ್ತದೆ.

ಹಳೆಯ ವಾಹನವನ್ನು ಕೊಳ್ಳುವವರು, ವಿಶೇಷವಾಗಿ ಗಡಿಯಾಚೆಯ ತಾಂಡೂರು, ಜಹೀರಾಬಾದ್ ಕಡೆಯಿಂದ ತರುವವರು, ಹಣ ಕೊಡುವ ಮೊದಲೇ ಕತ್ತಿನ ಕೊಳವೆಯ ಮೇಲಿನ ಚಾಸಿ ಸಂಖ್ಯೆಯನ್ನು ನೋಂದಣಿ ಪತ್ರದೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸಿ, ಅದರ ಸುತ್ತ ಹೊಸ ಬಣ್ಣ ಅಥವಾ ಬೆಸುಗೆಯ ಗುರುತಿದೆಯೇ ಎಂದು ಬೆಳಕಿನಲ್ಲಿ ನೋಡಬೇಕು. ಅಂತಹ ವಾಹನಕ್ಕೆ ಮೂಲ ನೋಂದಣಿ ಪ್ರಾಧಿಕಾರದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆದು, ಕರ್ನಾಟಕದ ನೋಂದಣಿ ಸಂಖ್ಯೆಗಾಗಿ ನಮೂನೆ 27ರಲ್ಲಿ ಅರ್ಜಿ ಸಲ್ಲಿಸಬೇಕು. ಮಾಲೀಕತ್ವದ ವರ್ಗಾವಣೆಗೆ ನಮೂನೆ 29 ಮತ್ತು 30, ಚಾಲ್ತಿಯಲ್ಲಿರುವ ವಿಮೆ ಹಾಗೂ ಹೊಗೆ ತಪಾಸಣಾ ಪ್ರಮಾಣ ಪತ್ರಗಳು ಅಗತ್ಯ. ಮಾರ್ಪಡಿಸಿದ ಫೋರ್ಕು ಕಂಡುಬಂದಲ್ಲಿ, ಮೂಲ ಭಾಗಗಳನ್ನು ಹಾಕಿಸಿಕೊಡುವಂತೆ ಮಾರುವವರಿಗೇ ಹೇಳಬೇಕು. ಅವರು ಒಪ್ಪದಿದ್ದರೆ ಆ ವಾಹನವನ್ನು ಕೊಳ್ಳದಿರುವುದು ಮೇಲು.